ಗದ್ದೆಯ ಆವೆಮಣ್ಣು ಹಂಚಿಗೆ ಆಗುತ್ತಾ, ಇಟ್ಟಿಗೆಗೆ ಆಗುತ್ತಾ? ಪರೀಕ್ಷೆ ಮಾಡುವುದು ಹೇಗೆ?

ಹೊಳೆಬದಿ ಗದ್ದೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಗುರುಪುರ ಹೊಳೆಯ ಬದಿಯಲ್ಲಿದೆ. ಮನೆ ಕೆಳಗಿನ ಬೈಲಿನಲ್ಲಿ ನಮ್ಮ ಒಂದಿಷ್ಟು ಗದ್ದೆ ಹಡಿಲು ಬಿದ್ದು ವರ್ಷಗಳಾದವು. ಅಡಿಯಲ್ಲಿ ಒಳ್ಳೆ ಆವೆಮಣ್ಣಿದೆ, ಹಿಂದೆ ಹಂಚಿನ ಕಾರ್ಖಾನೆಗೆ ಈ ಕಡೆಯಿಂದಲೇ ದೋಣಿಯಲ್ಲಿ ಮಣ್ಣು ಹೋಗುತ್ತಿತ್ತು ಅಂತ ಅಜ್ಜ ಹೇಳುತ್ತಿದ್ದರು. ಈಗ ನಾನೂ ಒಬ್ಬ ಗೆಳೆಯನೂ ಸೇರಿ ಸಣ್ಣ ಮಟ್ಟದಲ್ಲಿ ಮಾಡಿನ ಹಂಚು, ನೆಲದ ಹಂಚು ಮಾಡುವ ಯೋಚನೆಯಲ್ಲಿದ್ದೇವೆ. ಅದು ಆಗದಿದ್ದರೆ ಇಟ್ಟಿಗೆಯಾದರೂ ಸರಿ.

ಒಂದು ಲ್ಯಾಬಿಗೆ ಒಂದು ಚೀಲ ಮಣ್ಣು ಕೊಟ್ಟಿದ್ದೆ. ಒಂದು ಪುಟದ ವರದಿ ಬಂತು. ಶೇಕಡಾ ಲೆಕ್ಕದಲ್ಲಿ ಸಿಲಿಕಾ 58, ಅಲ್ಯುಮಿನಾ 21, ಕಬ್ಬಿಣದ ಆಕ್ಸೈಡ್ 7, ಸುಣ್ಣ 1, ಸುಟ್ಟಾಗ ಇಳಿಯುವ ತೂಕ 9, ಹೀಗೆ. ಕೊನೆಯಲ್ಲಿ ‘ಸೆರಾಮಿಕ್ ವಸ್ತುಗಳಿಗೆ ಸೂಕ್ತ’ ಅಂತ ಒಂದು ಸಾಲು. ಯಾವ ವಸ್ತುವಿಗೆ, ಎಷ್ಟು ಬಿಸಿಗೆ, ಏನೂ ಇಲ್ಲ. ಬ್ಯಾಂಕಿಗೆ ಹೋಗುವ ಮೊದಲು ನನಗೇ ಖಾತ್ರಿ ಆಗಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಂಚಿನ ಹಳಬ

ಮೊದಲು ಒಂದು ಪ್ರಶ್ನೆ. ಆ ಚೀಲದ ಮಣ್ಣು ಎಷ್ಟು ಆಳದ್ದು? ಎಲ್ಲಿ ಅಗೆದದ್ದು? ಒಂದೇ ಕಡೆ ಹಾರೆ ಹಾಕಿ ತುಂಬಿಸಿದ್ದಾದರೆ ಆ ವರದಿ ಆ ಚೀಲದ ವರದಿ ಅಷ್ಟೇ ಮಾರಾಯ್ರೆ, ನಿಮ್ಮ ಗದ್ದೆಯದ್ದಲ್ಲ.

ಹೊಳೆ ಬದಿಯ ಗದ್ದೆಯಲ್ಲಿ ಮಣ್ಣು ಪದರ ಪದರ ಇರುತ್ತದೆ. ನೆರೆ ಬಂದ ವರ್ಷ ಮರಳು ಕೂತಿರುತ್ತದೆ, ನೀರು ನಿಂತ ಕಡೆ ನುಣ್ಣನೆ ಆವೆ ಕೂತಿರುತ್ತದೆ. ಮೇಲಿನ ಒಂದಡಿ ಬೇರು, ಗೊಬ್ಬರ, ಹುಲ್ಲು. ಅದು ಹಂಚಿಗೆ ಬೇಡ, ಗದ್ದೆಗೇ ಬೇಕು. ಅದನ್ನು ಬದಿಗೆ ತೆಗೆದಿಡಿ. ಅದರ ಕೆಳಗೆ ಬಣ್ಣ ಬದಲಾದ ಕಡೆಯೆಲ್ಲ ಬೇರೆ ಬೇರೆ ಚೀಲ ಮಾಡಿ. ಗದ್ದೆಯ ನಾಲ್ಕೈದು ಜಾಗದಲ್ಲಿ ಗುಂಡಿ ತೆಗೆಯಿರಿ. ಚೀಲದ ಒಳಗೊಂದು, ಹೊರಗೊಂದು ಚೀಟಿ ಹಾಕಿ.

ಪ್ರತಿ ಚೀಲದ ಮಣ್ಣನ್ನು ಒಣಗಿಸಿ, ಕುಟ್ಟಿ, ಗುಡ್ಡೆ ಮಾಡಿ, ಮೇಲಿಂದ ಒತ್ತಿ ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡಿ. ಎದುರು ಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಬಿಡಿ. ಬೇಕಾದಷ್ಟು ಕಡಿಮೆ ಆಗುವವರೆಗೆ ಹೀಗೇ ಮಾಡಿ. ಆಗ ಒಂದು ಹಿಡಿ ಮಣ್ಣು ಇಡೀ ಚೀಲದ ಪರವಾಗಿ ಮಾತಾಡುತ್ತದೆ.

ಇನ್ನೊಂದು ಮಾತು. ಹಂಚಿನ ಮಣ್ಣು ಅಂತ ಒಂದೇ ಮಣ್ಣು ನಾನು ಕಾರ್ಖಾನೆಯಲ್ಲಿ ನೋಡಿಲ್ಲ. ಯಾವಾಗಲೂ ಬೆರಕೆಯೇ. ಜಿಗುಟು ಆವೆಗೆ ಮರಳು ಮಿಶ್ರದ ಮಣ್ಣು ಸೇರಿಸಿ ಹದ ಮಾಡುತ್ತಿದ್ದೆವು. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ನೇತ್ರಾವತಿಯ ದಡದಲ್ಲಿ. ಆಮೇಲೆ ಬಂದ ಕಾರ್ಖಾನೆಗಳೂ ನೇತ್ರಾವತಿ, ಗುರುಪುರ ಹೊಳೆಗಳ ಬದಿಯನ್ನೇ ಹಿಡಿದವು. ಮಣ್ಣು ಹತ್ತಿರ, ದೋಣಿಯೂ ಹತ್ತಿರ. ನಿಮ್ಮ ಅಜ್ಜ ಹೇಳಿದ್ದು ಸರಿಯಾಗಿಯೇ ಇದೆ.

ಲ್ಯಾಬ್ ಮೇಜು

ನಾನು ಸೆರಾಮಿಕ್ ಓದಿದವಳು, ಮಣ್ಣಿನ ಪರೀಕ್ಷೆಯೇ ನನ್ನ ದಿನದ ಕೆಲಸ. ಆ ವರದಿಯ ಅಂಕಿಗಳು ತಪ್ಪಿರಲಿಕ್ಕಿಲ್ಲ. ಆದರೆ ಅವು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ಸಿಲಿಕಾ 58 ಅಂದರೆ ಅದರಲ್ಲಿ ಮರಳಿನ ರೂಪದಲ್ಲಿ ಇರುವುದೆಷ್ಟು, ಜೇಡಿಯ ಖನಿಜದೊಳಗೆ ಸೇರಿರುವುದೆಷ್ಟು ಅಂತ ಆ ಸಂಖ್ಯೆ ಹೇಳುವುದಿಲ್ಲ. ರಾಸಾಯನಿಕ ವರದಿ ಹೆಚ್ಚುಕಡಿಮೆ ಒಂದೇ ಇರುವ ಎರಡು ಮಣ್ಣು ಕೈಯಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳಬಹುದು. ಒಂದು ಚೆನ್ನಾಗಿ ಒಣಗುತ್ತದೆ, ಇನ್ನೊಂದು ಸೀಳುತ್ತದೆ. ಅದನ್ನು ತೀರ್ಮಾನಿಸುವುದು ಖನಿಜ ಯಾವುದು ಮತ್ತು ಕಣ ಎಷ್ಟು ಸಣ್ಣದು ಅನ್ನುವುದು. ಜೇಡಿಯ ಖನಿಜಗಳಲ್ಲಿ ಕೆಯೋಲಿನೈಟ್ ಇದ್ದರೆ ಮಣ್ಣು ನೀರು ಕಡಿಮೆ ಕುಡಿಯುತ್ತದೆ, ಕುಗ್ಗುವುದೂ ಕಡಿಮೆ, ಆದರೆ ಗಟ್ಟಿಯಾಗಿ ಬೇಯಲು ಬಿಸಿ ಜಾಸ್ತಿ ಕೇಳುತ್ತದೆ. ಇಲೈಟ್ ಇದ್ದರೆ ಅದರಲ್ಲಿನ ಪೊಟ್ಯಾಶ್‌ನಿಂದಾಗಿ ಕಡಿಮೆ ಬಿಸಿಗೇ ಬಿಗಿಯಾಗುತ್ತದೆ. ಮಾಂಟ್‌ಮೊರಿಲ್ಲೊನೈಟ್ ಜಾಸ್ತಿ ಇದ್ದರೆ ಜಿಗುಟು ಜಾಸ್ತಿ, ಕುಗ್ಗುವುದು ಜಾಸ್ತಿ, ಬಿರುಕೂ ಜಾಸ್ತಿ. ಯಾವ ಖನಿಜ ಅಂತ ತಿಳಿಯಲು ಎಕ್ಸ್‌ರೇ ಡಿಫ್ರಾಕ್ಷನ್ ಅನ್ನುವ ಪರೀಕ್ಷೆ ಮಾಡಿಸಬೇಕು. ಅದು ಮೊದಲ ಹೆಜ್ಜೆ ಅಲ್ಲ, ಆಮೇಲೆ ನೋಡೋಣ.

ಮೊದಲು ನೀವೇ ಮನೆಯಲ್ಲಿ ಮಾಡಬಹುದಾದದ್ದು ಹೇಳುತ್ತೇನೆ.

ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಹಂಚಿಗೆ ಬೇಕಾದ ಜಿಗುಟು ಇದೆ ಅಂತ ಅಂದಾಜು. ಲ್ಯಾಬಿನಲ್ಲಿ ಇದನ್ನೇ ಅಳತೆಗೆ ಹಿಡಿಯುತ್ತೇವೆ. ಸ್ವೀಡನ್ನಿನ ಆಟರ್‌ಬರ್ಗ್ 1911ರಲ್ಲಿ ಕೊಟ್ಟ ಮಿತಿಗಳು ಈಗಲೂ ಬಳಕೆಯಲ್ಲಿವೆ. ಗಾಜಿನ ಮೇಲೆ 3 ಮಿ.ಮೀ. ದಪ್ಪಕ್ಕೆ ಹೊಸೆಯುವಾಗ ಪುಡಿಯಾಗುವ ಹಂತದ ನೀರು ಒಂದು ಮಿತಿ, ಮಣ್ಣು ಹರಿಯಲು ಶುರುವಾಗುವ ಹಂತದ ನೀರು ಇನ್ನೊಂದು. ಶೇಕಡಾ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ 10ಕ್ಕಿಂತ ಕಡಿಮೆ ಇದ್ದರೆ ಯಂತ್ರದ ಬಾಯಿಂದ ಬರುವ ಮಣ್ಣಿನ ಪಟ್ಟಿಯ ಅಂಚು ಹರಿಯುತ್ತದೆ. ತೀರಾ ಜಾಸ್ತಿ ಇದ್ದರೆ ಒಣಗಿಸುವಾಗ ಕಷ್ಟ.

ಕಣದ ಗಾತ್ರಕ್ಕೆ ಲ್ಯಾಬಿಗೇ ಕೊಡಿ. 2 ಮೈಕ್ರಾನ್‌ಗಿಂತ ಸಣ್ಣದು, 2ರಿಂದ 20, 20ಕ್ಕಿಂತ ದಪ್ಪ, ಹೀಗೆ ಮೂರು ಪಾಲು ಕೇಳಿ. ಅದನ್ನು ವಿಂಕ್ಲರ್ ತ್ರಿಕೋನ ಅನ್ನುವ ನಕ್ಷೆಯಲ್ಲಿ ಇಟ್ಟರೆ ಮಣ್ಣು ಗಟ್ಟಿ ಇಟ್ಟಿಗೆಯ ಕಡೆ ಬೀಳುತ್ತದಾ, ಮಾಡಿನ ಹೆಂಚಿನ ಕಡೆ ಬೀಳುತ್ತದಾ, ತೆಳು ಗೋಡೆಯ ಟೊಳ್ಳು ಇಟ್ಟಿಗೆಯ ಕಡೆಯಾ ಅಂತ ಒಂದು ದಿಕ್ಕು ಸಿಗುತ್ತದೆ. ಗಟ್ಟಿ ಇಟ್ಟಿಗೆ ಒರಟು ಮಣ್ಣನ್ನೂ ಸಹಿಸುತ್ತದೆ. ಹೆಂಚು ಸಹಿಸುವುದಿಲ್ಲ.

ಮಾಲೂರು ಕಡೆಯವ

ಇಟ್ಟಿಗೆ ಬಗ್ಗೆ ನಾನು ಹೇಳ್ತೀನಿ. ನಮ್ಮ ಕಡೆ ಕೆರೆ ಅಂಗಳದ ಮಣ್ಣು, ಅದಕ್ಕೆ ಕೆಂಪು ಮಣ್ಣು, ಬೇಕಾದರೆ ಮರಳು. ಐಎಸ್ 2117 ಅನ್ನೋ ಭಾರತೀಯ ಮಾನಕದಲ್ಲಿ ಕೈಯಿಂದ ಮಾಡುವ ಇಟ್ಟಿಗೆಗೆ ಲೆಕ್ಕ ಇದೆ: ಜೇಡಿ 20ರಿಂದ 30, ಗೋಡು (ಮರಳಿಗಿಂತ ನುಣ್ಣನೆ, ಜೇಡಿಗಿಂತ ದಪ್ಪ ಕಣ) 20ರಿಂದ 35, ಮರಳು 35ರಿಂದ 50, ಎಲ್ಲ ಶೇಕಡಾ. ಇದನ್ನು ಅಂದಾಜು ನೋಡಲು ಗಾಜಿನ ಬಾಟಲಿ ಸಾಕು. ಅರ್ಧ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ತಕ್ಷಣ ಕೆಳಗೆ ಕೂರುತ್ತೆ, ಅದರ ಮೇಲೆ ಗೋಡು, ಜೇಡಿ ಕೂರಲು ಒಂದು ದಿನವೋ ಜಾಸ್ತಿಯೋ ಬೇಕು. ಪದರಗಳನ್ನು ಅಳತೆ ಪಟ್ಟಿಯಲ್ಲಿ ಅಳೆಯಿರಿ. ಇದು ಪಕ್ಕಾ ಲೆಕ್ಕ ಅಲ್ಲ, ಆದರೆ ಯಾವ ಮಣ್ಣಿಗೆ ಯಾವುದನ್ನು ಬೆರೆಸಬೇಕು ಅಂತ ಕಣ್ಣಿಗೆ ಕಾಣುತ್ತೆ.

ಸುಣ್ಣದ ಹರಳು ಇದೆಯಾ ಮೊದಲು ನೋಡಿ ಅಣ್ಣ. ಇಟ್ಟಿಗೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ಹೊಳೆಬದಿ ಗದ್ದೆ

ತುಂಬಾ ಉಪಕಾರ ಎಲ್ಲರಿಗೂ. ಹಳಬರು ಹೇಳಿದ ಹಾಗೆ ಗುಂಡಿ ತೆಗೆದು ನೋಡಿದೆವು. ಮೇಲಿನ ಕಪ್ಪು ಮಣ್ಣು ಬಿಟ್ಟರೆ ಮೂರು ಪದರ ಸಿಕ್ಕಿತು.

ಮೊದಲನೆಯದು ಹಳದಿ ಕಂದು, ಕೈಗೆ ಮರಳು ಸಿಗುತ್ತದೆ. ಬತ್ತಿ ಹೊಸೆದರೆ ಬೆರಳಿಗೆ ಸುತ್ತುವಾಗ ಒಡೆಯುತ್ತದೆ. ಎರಡನೆಯದು ಬೂದು ಬಣ್ಣ, ನಡುವೆ ತುಕ್ಕಿನ ಬಣ್ಣದ ಗೆರೆಗಳು. ಇದು ಭಾರಿ ನುಣುಪು, ಬತ್ತಿ ಚೆನ್ನಾಗಿ ಸುತ್ತಿಕೊಳ್ಳುತ್ತದೆ. ಮೂರನೆಯದು ನೀಲಿ ಮಿಶ್ರದ ಕಪ್ಪು ಬೂದು, ಅಗೆಯುವಾಗ ಕೊಳೆತ ಮೊಟ್ಟೆಯ ವಾಸನೆ. ಇದರಲ್ಲಿ ಚಿಪ್ಪಿನ ಚೂರುಗಳಿವೆ.

ಲ್ಯಾಬಿಗೆ ಮೊದಲು ಕೊಟ್ಟ ಚೀಲದಲ್ಲಿ ಎರಡನೆಯ ಮತ್ತು ಮೂರನೆಯ ಪದರ ಎರಡೂ ಸೇರಿತ್ತು. ಸುಣ್ಣ ಬರೀ 1 ಅಂತ ಬಂದದ್ದರಿಂದ ಚಿಪ್ಪಿಗೆ ಹೆದರಬೇಕಿಲ್ಲ ಅಲ್ವಾ?

ಮಾಲೂರು ಕಡೆಯವ

ಹೆದರಬೇಕು.

ಲ್ಯಾಬ್ ಮೇಜು

ಹೌದು, ಹೆದರಬೇಕು. ಈ ಇಡೀ ಚರ್ಚೆಯಲ್ಲಿ ನಾನು ಒತ್ತಿ ಹೇಳಲು ಬಯಸುವುದು ಇದನ್ನೇ.

ಶೇಕಡಾ 1 ಅನ್ನುವುದು ಸರಾಸರಿ. ಆ 1 ಭಾಗ ಹಿಟ್ಟಿನಷ್ಟು ನುಣ್ಣಗೆ ಮಣ್ಣೆಲ್ಲ ಹರಡಿಕೊಂಡಿದ್ದರೆ ಹಂಚಿಗೆ ಏನೂ ಆಗುವುದಿಲ್ಲ. ಸುಣ್ಣ ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದು ನುಣ್ಣಗಿದ್ದರೂ ಬರೀ ಕೆಂಪು ಹೋಗಿ ಹಳದಿ ಬಣ್ಣ ಬರುತ್ತದೆ ಅಷ್ಟೇ. ಆದರೆ ಅದೇ 1 ಭಾಗ ಗೋಧಿ ಕಾಳಿನ ಗಾತ್ರದ ಚೂರುಗಳಲ್ಲಿ ಕೂತಿದ್ದರೆ ಕಥೆ ಬೇರೆ. ಭಟ್ಟಿಯಲ್ಲಿ ಸುಮಾರು 800 ಡಿಗ್ರಿ ದಾಟುವಾಗ ಚಿಪ್ಪು ಸುಟ್ಟು ಸುಣ್ಣವಾಗುತ್ತದೆ. ಹಂಚು ಭಟ್ಟಿಯಿಂದ ಹೊರಬಂದಾಗ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಗಾಳಿಯ ತೇವ ಎಳೆದುಕೊಂಡು ಒಳಗಿನ ಸುಣ್ಣ ಅರಳುತ್ತದೆ, ಮೇಲಿನ ಪದರವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಚಕ್ಕೆ ಎದ್ದ ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಗಿರಾಕಿ ಮನೆ ಸೇರಿದ ಮೇಲೆ ಹೀಗಾದರೆ ನಿಮ್ಮ ಹೆಸರು ಹೋಗುತ್ತದೆ.

ರಾಸಾಯನಿಕ ವರದಿಗೆ ಮಣ್ಣನ್ನು ನುಣ್ಣಗೆ ಅರೆದೇ ಕೊಡುತ್ತಾರೆ. ಚೂರು ಎಷ್ಟು ದಪ್ಪ ಇತ್ತು ಅನ್ನುವುದು ಅಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನೀವೇ ಹೀಗೆ ಮಾಡಿ. ಒಂದು ಕಿಲೋ ಮಣ್ಣನ್ನು ಬಕೆಟ್ಟಿನಲ್ಲಿ ನೆನೆಹಾಕಿ ಕದಡಿ ಸಣ್ಣ ಜರಡಿಯಲ್ಲಿ ತೊಳೆಯಿರಿ. ಜರಡಿಯಲ್ಲಿ ಉಳಿದದ್ದನ್ನು ಒಣಗಿಸಿ, ತೂಕ ಮಾಡಿ, ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿ. ಬೇರು, ಮುರಕಲ್ಲಿನ ಹರಳು, ಅಭ್ರಕ, ಚಿಪ್ಪು, ಎಲ್ಲ ಬೇರೆ ಬೇರೆ ಕಾಣುತ್ತದೆ. ಅನುಮಾನ ಬಂದ ಚೂರಿನ ಮೇಲೆ ನಿಂಬೆರಸವೋ ವಿನೆಗರೋ ಹಾಕಿ. ಗುಳ್ಳೆ ಎದ್ದರೆ ಸುಣ್ಣ. ನನ್ನ ಅನುಭವದಲ್ಲಿ ಈ ಜರಡಿಯ ಶೇಷ ಹೇಳುವಷ್ಟು ನಿಜವನ್ನು ಎಷ್ಟೋ ದುಬಾರಿ ಪರೀಕ್ಷೆಗಳು ಹೇಳುವುದಿಲ್ಲ.

ಹಂಚಿನ ಹಳಬ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಮೂರನೆಯ ಪದರಕ್ಕೆ ಕೈ ಹಾಕಬೇಡಿ. ಚಿಪ್ಪು ಒಂದೇ ಕಾರಣ ಅಲ್ಲ. ಆ ಮೊಟ್ಟೆ ವಾಸನೆ ಗಂಧಕದ್ದು. ಬೇಸಿಗೆಯಲ್ಲಿ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೆ ಬರುತ್ತದಲ್ಲ, ಆ ಕಾಲದ ಕೆಸರು ಅದು. ಉಪ್ಪೂ ಇರುತ್ತದೆ, ಕೊಳೆತ ಎಲೆ ಕಡ್ಡಿಯೂ ಇರುತ್ತದೆ.

ಎರಡನೆಯ ಪದರ ನಿಮ್ಮ ಬಂಡವಾಳ. ಅದರಲ್ಲೂ ಸ್ವಲ್ಪ ಉಪ್ಪು ಇರಬಹುದು. ಅದಕ್ಕೆ ಹಳೆ ದಾರಿ ಇದೆ. ಬೇಸಿಗೆಯಲ್ಲಿ ಅಗೆದು ಅಂಗಳದಲ್ಲಿ ತಗ್ಗಾಗಿ ರಾಶಿ ಹಾಕಿ ಒಂದು ಮಳೆಗಾಲ ನೆನೆಯಲು ಬಿಡಿ, ನೀರು ಹರಿದು ಹೋಗಲು ಕಣಿ ಮಾಡಿ. ನಮ್ಮ ಕಡೆಯ ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣಿನ ಹೆಂಟೆ ತಾನಾಗಿ ಬಿಡುತ್ತದೆ, ಜಿಗುಟೂ ಏರುತ್ತದೆ. ರಾಶಿಯನ್ನು ಒಂದೆರಡು ಸಲ ತಿರುವಿ ಹಾಕಿದರೆ ಇನ್ನೂ ಒಳ್ಳೆಯದು. ಈಗಿನವರಿಗೆ ಇಷ್ಟು ಕಾಯುವ ವ್ಯವಧಾನ ಇಲ್ಲ ಅನ್ನುವುದು ನನ್ನ ಬೇಸರ. ಮಣ್ಣಿನ ಕೆಲಸದಲ್ಲಿ ಅವಸರಕ್ಕೆ ಬೆಲೆ ಕಟ್ಟಲೇಬೇಕಾಗುತ್ತದೆ.

ಖಾನಾಪುರ ಕುಂಬಾರ

ನಾವು ಮಣ್ಣು ಹಲ್ಲಿಗೆ ಹಚ್ಚಿ ನೋಡ್ತೀವಿ. ಕರಕರ ಅಂದ್ರೆ ಮರಳು ಅದ, ಬೆಣ್ಣೆ ಹಾಂಗ ಜಾರಿದ್ರೆ ಜೇಡಿ ಅದ, ನಾಲಿಗಿಗೆ ಉಪ್ಪು ಹತ್ತಿದ್ರೆ ಮುಟ್ಟಂಗಿಲ್ಲ. ಯಂತ್ರ ಇಲ್ಲದ ಊರಾಗ ಇದೇ ನಮ್ಮ ಲ್ಯಾಬು. ಖಾನಾಪುರದಾಗ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅದ. ಸಣ್ಣ ಘಟಕ ಹಾಕೋರು ಅಲ್ಲಿ ಒಮ್ಮೆ ಕೇಳಿ ನೋಡ್ರಿ.

ಎರೆ ಹೊಲ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನಮ್ಮದು ಗದಗ ಕಡೆ, ಪೂರ್ತಿ ಎರೆಮಣ್ಣು. ಇಟ್ಟಿಗೆ ದೂರದಿಂದ ತರಿಸಬೇಕು, ಬಾಡಿಗೆಯೇ ಹೆಚ್ಚು. ಎರೆಮಣ್ಣಿಂದ ಇಟ್ಟಿಗೆ ಆಗೋದೇ ಇಲ್ವಾ ರೀ?

ಲ್ಯಾಬ್ ಮೇಜು

ಬರೀ ಎರೆಮಣ್ಣಿಂದ ಆಗುವುದಿಲ್ಲ. ಬೇಸಿಗೆಯಲ್ಲಿ ನಿಮ್ಮ ಹೊಲ ಕೈ ಇಳಿಯುವಷ್ಟು ಬಿರಿಯುತ್ತದಲ್ಲ, ಹಸಿ ಇಟ್ಟಿಗೆಯಲ್ಲೂ ಅದೇ ಆಗುತ್ತದೆ. ಮೇಲೆ ಹೇಳಿದ ಮಾಂಟ್‌ಮೊರಿಲ್ಲೊನೈಟ್ ಜಾತಿಯ ಖನಿಜದ ಗುಣ ಅದು. ಜೊತೆಗೆ ಎರೆಯಲ್ಲಿ ಸುಣ್ಣದ ಹರಳು ಸಾಮಾನ್ಯ.

ಬೆರಕೆ ಮಾಡಿದರೆ ದಾರಿ ಇದೆ. ಹಾರುಬೂದಿ ಸೇರಿಸಿದರೆ ಕುಗ್ಗುವುದು ಕಡಿಮೆಯಾಗುತ್ತದೆ. ಶಕ್ತಿನಗರ, ಕುಡತಿನಿ ಎರಡೂ ಕಡೆ ಶಾಖೋತ್ಪನ್ನ ಕೇಂದ್ರ ಇರುವುದರಿಂದ ಬೂದಿ ಸಿಗುವ ಜಾಗ ನಿಮ್ಮಿಂದ ತೀರಾ ದೂರವಲ್ಲ. ಕೆಂಪು ಮಣ್ಣು, ಮರಳು, ಒಡೆದ ಇಟ್ಟಿಗೆಯ ಪುಡಿ, ಇವೂ ಅದೇ ಕೆಲಸ ಮಾಡುತ್ತವೆ. ಪ್ರಮಾಣ ಎಷ್ಟು ಅಂತ ನಾನು ಇಲ್ಲಿಂದ ಹೇಳಿದರೆ ಸುಮ್ನೆ ಹೇಳಿದ ಹಾಗಾಗುತ್ತದೆ. ಹತ್ತರಲ್ಲಿ ಎರಡು ಪಾಲು, ಮೂರು ಪಾಲು, ನಾಲ್ಕು ಪಾಲು ಬೂದಿ ಹಾಕಿ ಬೇರೆ ಬೇರೆ ಮಣ್ಣಿನ ಪಟ್ಟಿ ಮಾಡಿ ನೆರಳಲ್ಲಿ ಒಣಗಿಸಿ. ಬಿರುಕು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಉತ್ತರ. ಹರಳನ್ನು ಜರಡಿ ಹಿಡಿದು ತೆಗೆಯಲೇಬೇಕು, ಇಲ್ಲವೇ ಒಂದು ಮಿಲಿಮೀಟರಿಗಿಂತ ಸಣ್ಣದಾಗಿ ಅರೆಯಬೇಕು.

ಮಾಲೂರು ಕಡೆಯವ

ಭತ್ತದ ಹೊಟ್ಟೂ ಹಾಕ್ತಾರೆ. ಒಳಗೇ ಉರಿದು ಸೌದೆ ಉಳಿಯುತ್ತೆ. ಆದರೆ ಜಾಸ್ತಿ ಹಾಕಿದರೆ ಇಟ್ಟಿಗೆ ತೂತು ತೂತಾಗಿ ನೀರು ಕುಡಿಯುತ್ತೆ. ಹೊಟ್ಟು ಹಾಕಿದ ಮಣ್ಣನ್ನು ಹೆಂಚಿಗೆ ತರಬೇಡಿ.

ಹೊಳೆಬದಿ ಗದ್ದೆ

ಎರಡನೆಯ ಪದರದ ಮಣ್ಣಿನಿಂದ ಪಟ್ಟಿ ಮಾಡಿ ಒಣಗಿಸಿದೆವು. ಹಸಿ ಇರುವಾಗಲೇ 100 ಮಿ.ಮೀ. ಅಂತರಕ್ಕೆ ಎರಡು ಗೀಟು ಹಾಕಿದ್ದೆ. ಒಣಗಿದ ಮೇಲೆ ಆ ಅಂತರ 89ಕ್ಕೆ ಇಳಿದಿದೆ. ಅಂಚು ಮೇಲೆದ್ದು ಸೊಟ್ಟಗಾಗಿದೆ, ಕೆಲವು ನಡುವಲ್ಲಿ ಸೀಳಿವೆ. ಒಂದನೆಯ ಮತ್ತು ಎರಡನೆಯ ಪದರ ಸಮ ಸಮ ಬೆರೆಸಿದ ಪಟ್ಟಿ 93ಕ್ಕೆ ನಿಂತಿತು, ಒಂದೂ ಸೀಳಿಲ್ಲ. ಬೆರಕೆಯ ಬತ್ತಿಯೂ ಬೆರಳಿಗೆ ಸುತ್ತಿಕೊಳ್ಳುತ್ತದೆ.

ಹಂಚಿನ ಹಳಬ

ನೋಡಿ, ನಿಮ್ಮ ಗದ್ದೆಯೇ ನಿಮಗೆ ಬೆರಕೆ ಕೊಟ್ಟಿತು. ಕುಗ್ಗುವುದು ಶೇಕಡಾ 11 ಅಂದರೆ ಹಂಚಿಗೆ ಅಪಾಯ. 7 ಆದರೆ ಒಣಗಿಸಿ ತೆಗೆಯಬಹುದು.

ಒಣಗಿಸುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಹಂಚು ಹಾಳಾಗುವುದು ಭಟ್ಟಿಯಲ್ಲಿ ಅಂತ ಎಲ್ಲರೂ ತಿಳಿಯುತ್ತಾರೆ. ಬಹಳಷ್ಟು ಹಂಚು ಹಾಳಾಗುವುದು ಚಪ್ಪರದಲ್ಲಿ, ಕಾಣುವುದು ಮಾತ್ರ ಭಟ್ಟಿಯಿಂದ ತೆಗೆದ ಮೇಲೆ. ಪಟ್ಟಿಯನ್ನು ದಿನಕ್ಕೆ ಕೆಲವು ಸಲ ತೂಕ ಮಾಡಿ, ಉದ್ದವನ್ನೂ ಅಳೆಯಿರಿ, ಎರಡನ್ನೂ ಪುಸ್ತಕದಲ್ಲಿ ಬರೆಯಿರಿ. ಮೊದಲು ತೂಕವೂ ಉದ್ದವೂ ಒಟ್ಟಿಗೆ ಇಳಿಯುತ್ತವೆ. ಒಂದು ಹಂತದಲ್ಲಿ ಉದ್ದ ನಿಲ್ಲುತ್ತದೆ, ತೂಕ ಮಾತ್ರ ಇಳಿಯುತ್ತಾ ಇರುತ್ತದೆ. ಕಣಗಳು ಒಂದಕ್ಕೊಂದು ತಾಗಿ ಕೂತವು ಅಂತ ಅರ್ಥ. ಆ ಹಂತದವರೆಗೆ ಹಂಚು ನೆರಳಲ್ಲಿ, ಗಾಳಿ ನೇರ ಹೊಡೆಯದ ಹಾಗೆ ಇರಬೇಕು. ಅದು ದಾಟಿದ ಮೇಲೆ ಬಿಸಿಲಿಗೆ ಇಟ್ಟರೂ ಅಷ್ಟು ಭಯ ಇಲ್ಲ. ನಿಮ್ಮ ಮಣ್ಣಿಗೆ ಆ ಹಂತ ಯಾವಾಗ ಬರುತ್ತದೆ ಅಂತ ಗೊತ್ತಾದರೆ ಚಪ್ಪರ ಎಷ್ಟು ದೊಡ್ಡದು ಬೇಕು, ದಿನಕ್ಕೆ ಎಷ್ಟು ಹಂಚು ಒತ್ತಬಹುದು ಎಲ್ಲ ಲೆಕ್ಕ ಸಿಗುತ್ತದೆ.

ಲ್ಯಾಬ್ ಮೇಜು

ಈಗ ಸುಡಿ. ಒಂದೇ ಬಿಸಿಗೆ ಸುಟ್ಟು ತೀರ್ಮಾನ ಮಾಡಬೇಡಿ. 850, 900, 950, ಸಾಧ್ಯವಾದರೆ 1000 ಡಿಗ್ರಿಗೂ ಸುಡಿ. ಬಿಸಿ ನಿಧಾನ ಏರಿಸಿ, ಅದರಲ್ಲೂ 573 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿ ಮರಳಿನ ಕ್ವಾರ್ಟ್ಜ್ ರೂಪ ಬದಲಿಸಿ ಒಮ್ಮೆಲೆ ಹಿಗ್ಗುತ್ತದೆ, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಮರಳು ಜಾಸ್ತಿ ಬೆರೆಸಿದವರು ಭಟ್ಟಿ ಬಾಗಿಲು ಬೇಗ ತೆಗೆದರೆ ಕೂದಲಿನಂಥ ಬಿರುಕು ಬರುತ್ತದೆ.

ಪ್ರತಿ ಬಿಸಿಗೂ ನಾಲ್ಕು ವಿಷಯ ಬರೆಯಿರಿ: ಗೀಟಿನ ಅಂತರ, ತೂಕ, ಬಣ್ಣ, 24 ಗಂಟೆ ನೀರಲ್ಲಿಟ್ಟ ಮೇಲಿನ ತೂಕ. ಒಣ ತೂಕ 2.4 ಕಿಲೋ, ನೆನೆದ ಮೇಲೆ 2.8 ಆದರೆ ನೀರು ಕುಡಿದದ್ದು ಶೇಕಡಾ 16.7. ಮಂಗಳೂರು ಹೆಂಚಿನ ಮಾನಕ ಐಎಸ್ 654ರಲ್ಲಿ ಎಎ ದರ್ಜೆಗೆ ಸರಾಸರಿ 18, ಎ ದರ್ಜೆಗೆ 20 ದಾಟಬಾರದು. ಇಟ್ಟಿಗೆಗೆ ಐಎಸ್ 1077 ಪ್ರಕಾರ ಬಲದ ಲೆಕ್ಕದ 12.5 ದರ್ಜೆಯವರೆಗೆ 20, ಅದಕ್ಕೂ ಮೇಲಿನದಕ್ಕೆ 15.

ಒಂದು ಪಟ್ಟಿಯನ್ನು ಮುರಿದು ಒಳಗೆ ನೋಡಿ. ಹೊರಗೆ ಕೆಂಪಿದ್ದು ನಡುವೆ ಕಪ್ಪಿದ್ದರೆ ಮಣ್ಣಿನ ಕೊಳೆತ ಅಂಶ ಪೂರ್ತಿ ಉರಿದಿಲ್ಲ. ಭಟ್ಟಿಗೆ ಗಾಳಿ ಸಾಲದು ಅಥವಾ ಬಿಸಿ ಬೇಗ ಏರಿದೆ.

ಉಪ್ಪಿಗೂ ಒಂದು ಸರಳ ಪರೀಕ್ಷೆ ಇದೆ, ಐಎಸ್ 3495ರ ಮೂರನೆಯ ಭಾಗ. ತಟ್ಟೆಯಲ್ಲಿ 25 ಮಿ.ಮೀ. ಆಳ ಡಿಸ್ಟಿಲ್ಡ್ ನೀರು ಹಾಕಿ ಸುಟ್ಟ ತುಂಡನ್ನು ನೆಟ್ಟಗೆ ನಿಲ್ಲಿಸಿ. ನೀರೆಲ್ಲ ಹೀರಿ ಆರಿದ ಮೇಲೆ ಅಷ್ಟೇ ನೀರು ಇನ್ನೊಮ್ಮೆ ಹಾಕಿ ಮತ್ತೆ ಆರಲು ಬಿಡಿ. ಮೇಲೆ ಬಿಳಿ ಪುಡಿ ಎಷ್ಟು ಜಾಗ ಹಿಡಿದಿದೆ ನೋಡಿ. ಬಾವಿ ನೀರು ಹಾಕಬೇಡಿ, ಅದರದ್ದೇ ಉಪ್ಪು ಕಾಣುತ್ತದೆ.

ಹಳೆ ಮನೆ ರಿಪೇರಿ

ನಾನು ಉಡುಪಿ, ಕುಂದಾಪುರ ಕಡೆ ಹಳೆ ಮನೆಗಳ ಮಾಡು ಸರಿ ಮಾಡಿಸುವ ಕೆಲಸದಲ್ಲಿದ್ದೇನೆ. ಒಂದು ಕೋರಿಕೆ. ಹಳೆಯ ಹಂಚಿನ ನಡುವೆ ಹೊಸದು ಕೂರಿಸುವಾಗ ಕೊಕ್ಕೆಯ ಅಳತೆ ಎರಡು ಮಿಲಿಮೀಟರ್ ತಪ್ಪಿದರೂ ಮಳೆ ನೀರು ಒಳಗೆ. ಮಣ್ಣು ಎಷ್ಟೇ ಒಳ್ಳೆಯದಿರಲಿ, ಹಂಚಿನಿಂದ ಹಂಚಿಗೆ ಕುಗ್ಗುವುದು ಬೇರೆ ಬೇರೆ ಆದರೆ ನಮಗೆ ಪ್ರಯೋಜನ ಇಲ್ಲ. ಸೊಟ್ಟ ಹಂಚು ಮಾಡಿನ ಮೇಲೆ ಅಲ್ಲಾಡುತ್ತದೆ, ಗಾಳಿಗೆ ಜಾರುತ್ತದೆ.

ಹಾಗೆಯೇ ನೀರು ಜಾಸ್ತಿ ಕುಡಿಯುವ ಹಂಚಿನ ಮೇಲೆ ಪಾಚಿ ಬೇಗ ಹಿಡಿಯುತ್ತದೆ. ನಾನು ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತದೆ. ದಬ್ ಅಂದರೆ ಹಸಿ ಇದೆ, ಇಲ್ಲವೇ ಒಳಗೆ ಬಿರುಕಿದೆ.

ಲ್ಯಾಬ್ ಮೇಜು

ತುಂಬಾ ಮುಖ್ಯ ಮಾತು. ಅಚ್ಚಿನ ಅಳತೆಯನ್ನು ಒಟ್ಟು ಕುಗ್ಗುವಿಕೆಯಿಂದಲೇ ಹಾಕಬೇಕು. ಒಣಗುವಾಗ ಮತ್ತು ಸುಡುವಾಗ ಸೇರಿ ಶೇಕಡಾ 8 ಕುಗ್ಗಿದರೆ, 410 ಮಿ.ಮೀ. ಉದ್ದದ ಹೆಂಚಿಗೆ ಅಚ್ಚು ಸುಮಾರು 446 ಮಿ.ಮೀ. ಇರಬೇಕು. ಅಂದರೆ ಬೆರಕೆ ತೀರ್ಮಾನ ಆಗುವ ಮೊದಲು ಅಚ್ಚಿಗೆ ಆರ್ಡರ್ ಕೊಡಬೇಡಿ. ಇದು ಲಕ್ಷಗಟ್ಟಲೆ ದುಡ್ಡಿನ ವಿಷಯ.

ನೆಲದಡಿ

ನಾನು ಭೂವಿಜ್ಞಾನ ಓದಿದವನು. ಯಾರೂ ಎತ್ತದ ವಿಷಯ ಒಂದಿದೆ. ನಿಮ್ಮ ಸ್ವಂತ ಗದ್ದೆಯಾದರೂ ವ್ಯಾಪಾರಕ್ಕೆ ಮಣ್ಣು ತೆಗೆಯುವುದು ಉಪಖನಿಜದ ಲೆಕ್ಕಕ್ಕೆ ಬರುತ್ತದೆ. 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಿವೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲೇ ಕೇಳಿ. ಹೊಳೆಗೆ ಉಬ್ಬರದ ನೀರು ಬರುವ ಜಾಗವಾದ್ದರಿಂದ ಕರಾವಳಿ ನಿಯಂತ್ರಣ ವಲಯದ ನಿಯಮವೂ ಅನ್ವಯಿಸಬಹುದು. ಕಡು ಬೇಸಿಗೆಯಲ್ಲಿ ಹೊಳೆ ನೀರಿನ ಲೀಟರಿಗೆ 5 ಗ್ರಾಂ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಉಬ್ಬರದ ಪ್ರಭಾವ ಅಂತ ಲೆಕ್ಕ.

ಕಾನೂನು ಬಿಟ್ಟು ನೋಡಿದರೂ, ಹೊಳೆ ಬದಿಯಲ್ಲಿ ಆಳವಾಗಿ ಅಗೆದರೆ ಆವೆಯ ಪದರ ಹೋಗಿ ಕೆಳಗಿನ ಮರಳಿನಿಂದ ಉಪ್ಪುನೀರು ನುಗ್ಗುತ್ತದೆ. ಪಕ್ಕದವರ ಬಾವಿ ಹಾಳಾಗುತ್ತದೆ. ಎರಡನೆಯ ಪದರವನ್ನೂ ಪೂರ್ತಿ ತೆಗೆಯಬೇಡಿ. ಅಡಿಯಲ್ಲಿ ಒಂದಿಷ್ಟು ಬಿಡಿ, ಅದರ ಮೇಲೆ ಬದಿಗಿಟ್ಟ ಮೇಲ್ಮಣ್ಣು ಹರಡಿ. ಗದ್ದೆ ತಗ್ಗಾದರೂ ಗದ್ದೆಯಾಗಿಯೇ ಉಳಿಯಬೇಕು. ಎಷ್ಟು ಆಳ ತೆಗೆಯಬಹುದು, ಒಟ್ಟು ಎಷ್ಟು ಲೋಡು ಸಿಗುತ್ತದೆ, ಎಷ್ಟು ವರ್ಷ ಬರುತ್ತದೆ ಅನ್ನುವುದೂ ಮಣ್ಣಿನ ಪರೀಕ್ಷೆಯ ಭಾಗವೇ. ಒಳ್ಳೆಯ ಮಣ್ಣು ಎರಡೇ ವರ್ಷಕ್ಕೆ ಮುಗಿಯುವುದಾದರೆ ಘಟಕಕ್ಕೆ ಅರ್ಥವಿಲ್ಲ.

ಹೊಳೆಬದಿ ಗದ್ದೆ

ನೆಲದಡಿಯವರು ಹೇಳಿದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಮ್ಮನಿಗೆ ಮೊದಲಿಂದಲೂ ಇದೇ ಚಿಂತೆ ಇತ್ತು. ಲೋಡಿನ ಲೆಕ್ಕ ಹಾಕುತ್ತಿದ್ದೇವೆ, ಇಲಾಖೆಗೂ ಹೋಗುತ್ತೇವೆ.

ಗೆಳೆಯನ ಪರಿಚಯದ ಸ್ಟುಡಿಯೋದ ಸಣ್ಣ ಕರೆಂಟ್ ಭಟ್ಟಿಯಲ್ಲಿ ಸಮಪಾಲು ಬೆರಕೆಯ ಪಟ್ಟಿ ಸುಟ್ಟೆವು. ನೀರು ಕುಡಿದದ್ದು 850ಕ್ಕೆ ಶೇಕಡಾ 21, 900ಕ್ಕೆ 18.5, 950ಕ್ಕೆ 15. ಬಣ್ಣ 850ರಲ್ಲಿ ಕಿತ್ತಳೆ, 950ರಲ್ಲಿ ಒಳ್ಳೆ ಕೆಂಪು. 950ರದ್ದರಲ್ಲಿ ಗೀಟಿನ ಅಂತರ 92. ಮುರಿದು ನೋಡಿದರೆ ಒಳಗೆ ಕಪ್ಪಿಲ್ಲ. ತಟ್ಟೆಯ ಪರೀಕ್ಷೆಯಲ್ಲಿ ಅಂಚಿಗೆ ತೆಳುವಾಗಿ ಬಿಳಿ ಬಂತು. ಇದೇ ಮಣ್ಣಿನಿಂದ ಅಂಗಡಿಯಲ್ಲಿ ಸಿಗುವಂಥ ಹೊಳಪಿನ ನೆಲದ ಟೈಲ್ಸ್ ಮಾಡಲು ಆಗುತ್ತಾ?

ಲ್ಯಾಬ್ ಮೇಜು

ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಆಗುವುದಿಲ್ಲ, ಆ ದಾರಿಗೆ ಹೋಗಲೂ ಬೇಡಿ. ನೀವು ಹೇಳುವ ಹೊಳಪಿನ ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದು ಶೇಕಡಾ 0.5 ಮೀರಬಾರದು. ಅದಕ್ಕೆ ಬಿಸಿಗೆ ಕರಗಿ ಬಿಗಿ ಮಾಡುವ ಫೆಲ್ಡ್‌ಸ್ಪಾರ್ ಖನಿಜ ಬೇಕು, ಬಿಳಿ ಬೇಯುವ ಜೇಡಿ ಬೇಕು, ಪುಡಿಯನ್ನು ಭಾರಿ ಒತ್ತಡದಲ್ಲಿ ಒತ್ತಿ 1200 ಡಿಗ್ರಿ ಆಸುಪಾಸಿಗೆ ಸುಡಬೇಕು. ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳ ಜೊತೆ ಪೈಪೋಟಿ ನಿಮ್ಮ ಘಟಕದ ಕೆಲಸ ಅಲ್ಲ. ಕಬ್ಬಿಣ 7 ಇರುವ ಮಣ್ಣು ಕೆಂಪು ಬೇಯುತ್ತದೆ, ಆ ಕೆಂಪನ್ನೇ ಜನ ಕೇಳಿಕೊಂಡು ಬರುತ್ತಾರೆ. ಮೆರುಗು ಇಲ್ಲದ ಜೇಡಿ ನೆಲದ ಹೆಂಚಿಗೆ ಐಎಸ್ 1478 ಅಂತ ಬೇರೆ ಮಾನಕ ಇದೆ, ಅದನ್ನು ತರಿಸಿ ಓದಿ.

ನಿಮ್ಮ ಅಂಕಿಗಳು ನನಗೆ ಖುಷಿ ಕೊಟ್ಟವು. 900ಕ್ಕೆ ಎ ದರ್ಜೆಯ ಮಿತಿಯೊಳಗೆ ಪಾಸಾಗುತ್ತದೆ, 950ಕ್ಕೆ ಎಎ ದರ್ಜೆಯ ನೀರಿನ ಮಿತಿಯೊಳಗೆ ಆರಾಮವಾಗಿ ಬರುತ್ತದೆ. ಇಟ್ಟಿಗೆ ಮಾಡಿ ಈ ಮಣ್ಣನ್ನು ಖರ್ಚು ಮಾಡಬೇಡಿ, ಇದು ಹೆಂಚಿನ ಮಣ್ಣು. ಆದರೆ ಪಟ್ಟಿ ಪಾಸಾದರೆ ಹೆಂಚು ಪಾಸಾಯಿತು ಅಂತಲ್ಲ. ಪೂರ್ತಿ ಅಳತೆಯ ಹೆಂಚು ಮಾಡಿ ಮುರಿಯುವ ಭಾರ ನೋಡಬೇಕು, ಮೇಲೆ ನೀರು ನಿಲ್ಲಿಸಿ ಕೆಳಗೆ ಹನಿ ಬೀಳುತ್ತದಾ ನೋಡಬೇಕು.

ಹಂಚಿನ ಹಳಬ

ಬಿಳಿ ಬಂದದ್ದಕ್ಕೆ ಒಂದು ಮಳೆಗಾಲ ಕೊಡಿ. ಮಳೆಯಲ್ಲಿ ನೆನೆದ ರಾಶಿಯಿಂದ ಮತ್ತೆ ಪಟ್ಟಿ ಮಾಡಿ ತಟ್ಟೆಯಲ್ಲಿಟ್ಟು ಎರಡನ್ನೂ ಹೋಲಿಸಿ. ಕರೆಂಟ್ ಭಟ್ಟಿಯ ಬಿಸಿ ಎಲ್ಲ ಕಡೆ ಒಂದೇ ಇರುತ್ತದೆ. ಸೌದೆ ಭಟ್ಟಿಯಲ್ಲಿ ಹಾಗಲ್ಲ, ಮೇಲೆ ಒಂದು, ಕೆಳಗೆ ಒಂದು, ಬಾಗಿಲ ಬಳಿ ಇನ್ನೊಂದು. ನಿಮ್ಮ ಬೆರಕೆ 900ರಿಂದ 950ರವರೆಗೂ ಕೆಡದೆ ಬೇಯುತ್ತದೆ ಅನ್ನುವುದೇ ದೊಡ್ಡ ಧೈರ್ಯ. 1000ಕ್ಕೂ ಒಮ್ಮೆ ಸುಟ್ಟು ನೋಡಿ, ಬಾಗುತ್ತದಾ ಅಂತ. ಆಮೇಲೆ ಪೂರ್ತಿ ಹಂಚುಗಳನ್ನು ಯಾರದ್ದಾದರೂ ನಡೆಯುವ ಭಟ್ಟಿಯಲ್ಲಿ ಮೂರೂ ಕಡೆ ಇಡಿಸಿ ಸುಡಿಸಿ.

ಹೊಳೆಬದಿ ಗದ್ದೆ

ಹಾಗೇ ಮಾಡುತ್ತೇವೆ. ಮಳೆಗಾಲ ಮುಗಿದ ಮೇಲೆ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ. ಬೇರೆಯವರ ಭಟ್ಟಿಗೆ ಕೊಡುವಾಗ ನಮ್ಮ ಹಂಚು ಯಾವುದು, ಯಾವ ಬೆರಕೆಯದ್ದು ಅಂತ ಗುರುತು ಹೇಗೆ? ಮಾರ್ಕರ್ ಪೆನ್ನಿನಲ್ಲಿ ಬರೆದರೆ ಸಾಕಾ?

ಮಾಲೂರು ಕಡೆಯವ

ಪೆನ್ನಿನ ಬರಹ ಬೆಂಕಿಯಲ್ಲಿ ಹೋಗುತ್ತೆ ಅಣ್ಣ. ಹಸಿ ಇರುವಾಗಲೇ ಮೊಳೆಯಿಂದ ಹಿಂಬದಿಯಲ್ಲಿ ನಂಬರ್ ಕೊರೆಯಿರಿ. ತೀರಾ ಆಳ ಬೇಡ, ಅಲ್ಲಿಂದಲೇ ಬಿರುಕು ಶುರುವಾಗುತ್ತೆ. ಅದೇ ನಂಬರ್ ಪುಸ್ತಕದಲ್ಲೂ ಬರೆದಿಡಿ.